ಬಾಯಿಮಾತಿಗೆ ಹೋದ ಕುರ್ಚಿ

ಅಂಗಡಿ ಮಾಲೀಕರ ಗಾಜಿನ ಕ್ಯಾಬಿನ್ನಿನೊಳಗೆ ಸೋಫಾ ಮೇಸ್ತ್ರಿ ಕುರ್ಚಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿದ ಹೊತ್ತಿಗೆ ಅವಳ ಕೈಯಲ್ಲಿ ಪರದೆ ಬಟ್ಟೆಯ ಥಾನು ಅರ್ಧ ಬಿಚ್ಚಿಕೊಂಡಿತ್ತು. ಎದುರಿಗೆ ಗಿರಾಕಿ. ಕೌಂಟರಿನ ಮೇಲೆ ಆಗಲೇ ಬಿಚ್ಚಿ ಬಿದ್ದ ಬಟ್ಟೆಗಳ ಗುಡ್ಡ. ಮುಖದ ಮೇಲೆ ಅಂಗಡಿ ಕಲಿಸಿದ ನಗು. ಆ ನಗುವನ್ನು ಕದಲಿಸದೆ, ಕಣ್ಣನ್ನಷ್ಟೇ ಗಿರಾಕಿಯ ಹೆಗಲಾಚೆ ದಾಟಿಸಿ ಅವಳು ಕ್ಯಾಬಿನ್ನಿನತ್ತ ನೋಡಿದಳು. ಮೇಲಕ್ಕೆ ಚಾಚಿದ ನಾಲ್ಕು ಸಪೂರ ಕಾಲುಗಳು, ಅವುಗಳ ತುದಿಗೆ ಹಿತ್ತಾಳೆಯ ಟೋಪಿ. ಅವಳದೇ ಕುರ್ಚಿ.

ಬೆಳಿಗ್ಗೆ ಶಟರ್ ಎತ್ತುವ ಮುಂಚೆಯೇ ಹಾಸಿಗೆ ಹೊದಿಕೆಯ ಕೌಂಟರಿನ ಗೆಳತಿ ಸುದ್ದಿ ಮುಟ್ಟಿಸಿದ್ದಳು. "ಕುರ್ಚಿಯಕ್ಕ, ನಿನ್ನ ಕುರ್ಚಿಗೆ ಇವತ್ತು ಹೊಸ ಅಂಗಿಯಂತೆ. ಕೆಂಪು ರೆಕ್ಸಿನ್. ಕಾಲೂ ಸಣಕಲು ಅಂತ ಕತ್ತರಿಸಿ ದಪ್ಪಂದು ಹಾಕಿಸ್ತಾರಂತೆ. ಮಾಲೀಕರ ಭಾರ ತಡೀಬೇಕಲ್ಲ." ಗೆಳತಿ ನಗುತ್ತಲೇ ಹೇಳಿದ್ದಳು. ಅವಳ ಮುಖ ನೋಡಿದ ಮೇಲೆ ನಗು ನುಂಗಿಕೊಂಡು, ಬಾಯಿ ಒರೆಸಿಕೊಂಡು ತನ್ನ ಕೌಂಟರಿಗೆ ಹೋದಳು.

ಅಂದರೆ ಇದ್ದದ್ದು ಇವತ್ತಿನ ಹಗಲು ಮಾತ್ರ. ಸಂಜೆಯ ಹೊತ್ತಿಗೆ ಅದು ಕುರ್ಚಿಯಾಗಿ ಉಳಿದಿರುತ್ತದೆ, ಅವಳ ಕುರ್ಚಿಯಾಗಿ ಅಲ್ಲ. ಹೊದಿಕೆ ಹರಿದರೆ ಹೊಲಿಯಬಹುದು. ಗರಗಸ ಬಿದ್ದ ಕಾಲನ್ನು ಯಾರು ಕೂಡಿಸುತ್ತಾರೆ?

ಹಾಗಾದರೆ ಓಡಿ ಹೋಗಿ ತಡೆಯಬಹುದಿತ್ತಲ್ಲ ಎಂದು ಕೇಳುವವರಿಗೆ ಆ ಅಂಗಡಿಯ ಕಟ್ಟಳೆ ಗೊತ್ತಿಲ್ಲ. ಕೈಗೆ ಬಂದ ಗಿರಾಕಿಯನ್ನು ನಡುವೆ ಬಿಟ್ಟು ಕದಲುವಂತಿಲ್ಲ. ನೀರಡಿಕೆಯಾದರೂ ಇಲ್ಲ, ಬೇರೆ ಅವಸರವಾದರೂ ಇಲ್ಲ. ಗಿರಾಕಿ ಕೊಂಡು ಹೋಗಬೇಕು ಇಲ್ಲವೇ ಮೂಗು ಮುರಿದು ಹೋಗಬೇಕು, ಆಮೇಲೆಯೇ ಬಿಡುಗಡೆ. ಕೌಂಟರಿನ ಹಿಂದೆ ನಿಂತ ಹೆಂಗಸರಿಗೆ ಕೂರಲು ಒಂದು ಮಣೆಯೂ ಇಲ್ಲ. ಕೂತವಳ ಮುಖದಲ್ಲಿ ಸೋಮಾರಿತನ ಕಾಣುತ್ತದೆ, ವ್ಯಾಪಾರ ಕೆಡುತ್ತದೆ ಎಂಬುದು ಮಾಲೀಕರ ಮಾತು. ಇದನ್ನೆಲ್ಲ ಕಾಯಲು ಒಬ್ಬ ಸೂಪರ್‌ವೈಸರ್. ಯಾರು ಎಷ್ಟು ಹೊತ್ತು ಎಲ್ಲಿಗೆ ಹೋದರು ಎಂದು ಸದಾ ಕೈಗಡಿಯಾರ ನೋಡುತ್ತಿದ್ದುದರಿಂದ ಹೆಂಗಸರೆಲ್ಲ ಅವನಿಗೆ ಗಡಿಯಾರ ಎಂದೇ ಹೆಸರಿಟ್ಟಿದ್ದರು.

ಇವತ್ತಿನ ಗಿರಾಕಿಯೋ, ಮಹಾ ತಾಳ್ಮೆಯ ಹೆಂಗಸು. ವಯಸ್ಸಾಗಿತ್ತು, ಮಂಡಿ ನೋವಿತ್ತು. ಗಿರಾಕಿಗಳಿಗೆಂದು ಇಟ್ಟ ಸ್ಟೂಲಿನ ಮೇಲೆ ಊರುಗೋಲು ಒರಗಿಸಿಕೊಂಡು ಭದ್ರವಾಗಿ ಕೂತಿದ್ದಳು. ಆಕೆಗೆ ಪರದೆಗೆ ಬಟ್ಟೆ ಬೇಕು. ಹಸಿರಲ್ಲ, ನೀಲಿಯೂ ಅಲ್ಲ. ತೋರಿಸಿದ್ದನ್ನೆಲ್ಲ ಬೆರಳಲ್ಲಿ ತಿಕ್ಕಿ ನೋಡಿ, ಚೆನ್ನಾಗಿದೆ ಎಂದು ಹೊಗಳಿ, ಪಕ್ಕಕ್ಕೆ ತಳ್ಳುತ್ತಿದ್ದಳು. ಅಂಥ ಬಣ್ಣ ಚಿಕ್ಕಂದಿನಲ್ಲಿ ಯಾರದೋ ಮನೆಯಲ್ಲಿ ನೋಡಿದ್ದಳಂತೆ. ಆ ಮನೆಯವರೆಲ್ಲರ ಸಮಾಚಾರವೂ ಒಂದೊಂದಾಗಿ ಹೊರಗೆ ಬರುತ್ತಿತ್ತು.

ಅವಳು ಹೂಂಗುಟ್ಟುತ್ತ ಮತ್ತೊಂದು ಥಾನು ಎಳೆದಳು. ಕ್ಯಾಬಿನ್ನಿನಲ್ಲಿ ಮೇಸ್ತ್ರಿ ಚೀಲದಿಂದ ಇಕ್ಕಳ ತೆಗೆದ.

ಅವಳಿಗೆ ಕುರ್ಚಿಯಕ್ಕ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಆ ಊರಿನ ಬಂದರಿನಾಚೆ ಹಳೆಯ ಹಡಗುಗಳನ್ನು ಒಡೆಯುವ ಜಾಗವಿತ್ತು. ಒಡೆದ ಹಡಗಿನ ಸಾಮಾನು ಮಾರುವ ಅಂಗಡಿಗಳದೇ ಒಂದು ಸಾಲು: ಬಕೆಟ್ಟು, ಹಗ್ಗ, ದೊಡ್ಡ ದೊಡ್ಡ ಪಾತ್ರೆ, ಕಿಟಕಿಯ ದುಂಡು ಗಾಜು. ಮದುವೆಯಾದ ಹೊಸದರಲ್ಲಿ ಅಗ್ಗದ ಬಕೆಟ್ಟೊಂದು ಸಿಕ್ಕೀತೆಂದು ಹೋದವಳು ಅಲ್ಲಿ ಕಪ್ಪು ಮರದ, ಬೆತ್ತ ಹೆಣೆದ ಒಂದು ಕುರ್ಚಿ ಕಂಡಳು. ದಾರಿಗೆ ಅಡ್ಡವಾಗಿದೆಯೆಂದು ಸರಿಸಲು ಹೋದರೆ ಅದು ಒಂದೇ ಬೆರಳಿಗೆ ಎದ್ದು ಬಂತು. ಇಷ್ಟು ಹಗುರದ್ದು ಭಾರ ಹೊರುತ್ತದೆಯೇ ಎಂದು ಕೂತು ನೋಡಿದಳು. ಹೊತ್ತಿತು. ಬರೀ ಹೊತ್ತದ್ದಲ್ಲ, ಬೆನ್ನು ಎಲ್ಲಿ ನೋಯುತ್ತಿತ್ತೋ ಸರಿಯಾಗಿ ಅಲ್ಲಿಗೇ ಒರಗು ಕೊಟ್ಟಿತು. ಬೆಳಗಿನಿಂದ ನಿಂತೇ ಇದ್ದ ಕಾಲುಗಳು ಆಹಾ ಎಂದವು. ಇದು ಇಟಲಿಯ ಹಡಗಿನದಮ್ಮ, ಅರವತ್ತೆಪ್ಪತ್ತು ವರ್ಷದ ಹಿಂದೆ ಅಲ್ಲಿನ ದೊಡ್ಡ ದೊಡ್ಡ ಡಿಸೈನರುಗಳು ಹಡಗಿನ ಕೋಣೆಗಳನ್ನೆಲ್ಲ ಶೃಂಗಾರ ಮಾಡಿದ್ದರು ಎಂದು ಅಂಗಡಿಯ ಮುದುಕ ಹೇಳಿದ. ಮಾರುವವರ ಮಾತು ಹಾಗೇ ಇರುತ್ತದೆಂದು ಅವಳು ನಂಬಲಿಲ್ಲ, ಕುರ್ಚಿಯನ್ನು ಮಾತ್ರ ಕೊಂಡು ತಂದಳು. ಆಮೇಲೊಂದು ರಜಾದಿನ ಲೈಬ್ರರಿಯಲ್ಲಿ ಎರಡು ಕೈಯಲ್ಲಿ ಎತ್ತಬೇಕಾದಂಥ ಚಿತ್ರದ ಪುಸ್ತಕ ತಿರುವುವಾಗ ಅದೇ ಬೆನ್ನು, ಅದೇ ಹೆಣಿಗೆ ಕಂಡಿತು. ಪುಟದ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತಿದ್ದಳು.

ಅಲ್ಲಿಂದ ಶುರುವಾಯಿತು ಹುಚ್ಚು. ಬಗ್ಗಿಸಿದ ಪ್ಲೈವುಡ್ಡಿನದೊಂದು ಬಂತು, ಒಂದು ಕಡೆ ಪದರ ಬಿಟ್ಟಿದ್ದರಿಂದ ಯಾರಿಗೂ ಬೇಡವಾದದ್ದು. ಮುಚ್ಚಿಹೋದ ವಿಮಾನ ಕಂಪನಿಯ ಕಚೇರಿಯಿಂದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕಿನದು ಬಂತು. ಅವಳದು ಎರಡೇ ಕೋಣೆಯ ಮನೆ. ಹಗುರದವನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಬಂದವರು ತಲೆ ಎತ್ತಿ ನೋಡಿ, ಬಾವಲಿಗಳ ಹಾಗಿವೆಯಲ್ಲ ಎಂದು ನಗುತ್ತಿದ್ದರು. ಎಲ್ಲವೂ ಅಸಲಿ ಎಂದು ಅವಳೇನೂ ಆಣೆ ಮಾಡುತ್ತಿರಲಿಲ್ಲ. ಆ ಕಾಲದಲ್ಲೇ ನಕಲುಗಳೂ ಬಂದಿದ್ದವೆಂದು ಅದೇ ಪುಸ್ತಕ ಹೇಳಿತ್ತು. ಅವಳ ಪರೀಕ್ಷೆಯೇ ಬೇರೆ. "ಇದನ್ನ ಮಾಡಿದವನು ಯಾರೋ, ಅವನಮ್ಮ ದಿನವಿಡೀ ನಿಂತು ದುಡಿದಿರ್ಬೇಕು" ಎನ್ನುವಳು. ಕೂತು ನೋಡಿ ಹಾಗನ್ನಿಸಿದ್ದನ್ನಷ್ಟೇ ತರುವಳು.

ಈಗ ಕ್ಯಾಬಿನ್ನಿನಲ್ಲಿದ್ದ ಈ ಕೈಯಿರುವ ಕುರ್ಚಿ ಮಾತ್ರ ಎಲ್ಲದರ ಯಜಮಾನಿ. ಎರಡೂ ಪಕ್ಕ ಕಿವಿಯ ಹಾಗೆ ಬಾಗಿದ ಬೆನ್ನು, ಕೆಳಗೆ ಸ್ಪ್ರಿಂಗಿನ ಬದಲು ರಬ್ಬರಿನ ಅಗಲ ಪಟ್ಟಿಗಳು, ಮೇಲೆ ಉಣ್ಣೆಯ ಹಳೆಯ ಹೊದಿಕೆ. ಹೊದಿಕೆಯ ಬಣ್ಣ ಹೇಳಲು ಬಾರದಂಥದ್ದು, ಮೋಡ ಕವಿದ ದಿನ ಕೊಳದ ನೀರು ಇರುತ್ತದಲ್ಲ, ಹಾಗೆ. ಒಂದು ಕೈಯ ಮೇಲೆ ಯಾವುದೋ ಕಾಲದ ಪ್ರಯಾಣಿಕ ಸಿಗರೇಟಿನಿಂದ ಸುಟ್ಟ ಸಣ್ಣ ತೂತು. ಇದನ್ನು ಹಡಗಿನ ಸಾಮಾನಿನ ಅದೇ ಮುದುಕ ದುಡ್ಡಿಗೆ ಕೊಡಲು ಒಪ್ಪಿರಲಿಲ್ಲ. ಅವನ ಸೊಸೆ ಹೊಸ ಮನೆ ಮಾಡಿದ್ದಳು, ಅದಕ್ಕೆ ಪರದೆಗಳಾಗಬೇಕಿತ್ತು. ಹೊಲಿದು ಕೊಡುತ್ತೀಯಾ ಎಂದು ಕೇಳಿದ. ಒಂದು ಚಳಿಗಾಲ ಪೂರ್ತಿ ಅವಳು ಅಂಗಡಿಯಿಂದ ಬಂದು, ಅಡುಗೆ ಮಾಡಿ, ಪಾತ್ರೆ ತೊಳೆದು, ಆಮೇಲೆ ಮಷೀನಿನ ಮುಂದೆ ಕೂತು ಇಡೀ ಮನೆಯ ಪರದೆ ಹೊಲಿದಳು. ಮಷೀನಿನ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಗಂಡ ಗೊಣಗಿದ್ದು ಬಿಟ್ಟರೆ ಆ ಕುರ್ಚಿಯಲ್ಲಿ ಅವನ ಪಾಲು ಏನೂ ಇರಲಿಲ್ಲ.

ಗಂಡ ಕೆಟ್ಟವನಲ್ಲ. ಅದೇ ಅಂಗಡಿಯ ಗೋಡೌನು ನೋಡಿಕೊಳ್ಳುತ್ತಿದ್ದ. ಕುಡಿತವಿಲ್ಲ, ಕೈ ಎತ್ತುವುದಿಲ್ಲ. ಮನೆಯೊಳಗೆ ಹೆಂಡತಿಯದೆಂದು ಬೇರೆ ಏನಾದರೂ ಇರಬಹುದು ಎಂಬ ಯೋಚನೆ ಮಾತ್ರ ಅವನ ತಲೆಯ ಹತ್ತಿರವೂ ಸುಳಿದಿರಲಿಲ್ಲ, ಅಷ್ಟೆ.

ಕಳೆದ ತಿಂಗಳು ಅವನ ಸೊಂಟ ಹಿಡಿದುಕೊಂಡಿತು. ಹಾಸಿಗೆಯಲ್ಲಿ ಮಲಗಿದ್ದವನನ್ನು ನೋಡಲು ಭಾನುವಾರ ಮಾಲೀಕರೇ ಹಣ್ಣು ಹಿಡಿದು ಮನೆಗೆ ಬಂದರು. ದೊಡ್ಡ ಮನುಷ್ಯರು, ದೊಡ್ಡ ದೇಹ. ಕೈಯಿರುವ ಕುರ್ಚಿಯಲ್ಲಿ ಕೂತರು. ಕೂತವರು ಹಾಗೇ ಒಂದು ಉಸಿರು ಬಿಟ್ಟು, ಕಣ್ಣು ಮುಚ್ಚಿ, ಇಂಥ ಸುಖ ತಮ್ಮ ಮನೆಯ ಸೋಫಾದಲ್ಲೂ ಇಲ್ಲವಲ್ಲಯ್ಯ ಎಂದರು. ಅದಕ್ಕೆ ಗಂಡ ಮಲಗಿದ್ದಲ್ಲಿಂದಲೇ, ನಿಮ್ಮದೇ ಅಂದುಕೊಳ್ಳಿ ಸಾರ್, ತಗೊಂಡು ಹೋಗಿ ಎಂದ.

ಇದು ಯಾರಾದರೂ ಆಡುವ ಮಾತು. ಮಗು ಮುದ್ದಾಗಿದೆ ಎಂದರೆ ಕರೆದುಕೊಂಡು ಹೋಗಿ ಎನ್ನುವುದಿಲ್ಲವೇ? ಹಾಗೆಂದು ಯಾರೂ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಮನೆಗೆ ಹೊರಡುವುದಿಲ್ಲ. ಆದರೆ ಮಾಲೀಕರು, ನಾಳೆ ವ್ಯಾನ್ ಕಳಿಸ್ತೀನಿ ಎಂದರು. ಗಂಡ ನಕ್ಕ. ಮಾಲೀಕರೂ ನಕ್ಕರು. ಅವಳು ಆಗ ಎಲ್ಲಿದ್ದಳು? ಅಡುಗೆಮನೆಯಲ್ಲಿ. ಮಾಲೀಕರಿಗೆಂದು ಇಟ್ಟ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು, ಅದನ್ನು ಉಜ್ಜುತ್ತಿದ್ದಳು. ನಲ್ಲಿಯ ಸದ್ದಿನಲ್ಲಿ ಅವಳ ಕಿವಿಗೆ ಬಿದ್ದದ್ದು ಎರಡು ನಗು ಮಾತ್ರ. ಚಹಾ ತಂದುಕೊಟ್ಟಾಗ ಚೆನ್ನಾಗಿದೆಯಮ್ಮ ಎಂದರು. ಅವಳು ಚಹಾದ ಮಾತೆಂದುಕೊಂಡಳು.

ಮರುದಿನ ಅವಳು ಅಂಗಡಿಯಲ್ಲಿ ನಿಂತಿದ್ದಾಗ ಅಂಗಡಿಯ ವ್ಯಾನೇ ಮನೆಗೆ ಹೋಗಿತ್ತು. ಸಂಜೆ ಬಂದು ನೋಡಿದರೆ ಕಿಟಕಿಯ ಪಕ್ಕ ನೆಲ ಬೆಳ್ಳಗೆ ಕಾಣುತ್ತಿತ್ತು.

ಅವತ್ತಿನಿಂದ ಗಂಡ ಹೇಳುತ್ತ ಬಂದದ್ದು ಒಂದೇ ಮಾತು: ಕೇಳುತ್ತೇನೆ, ಅವರ ಮೂಡು ನೋಡಿ ಕೇಳಬೇಕು. ನೀನು ಬಾಯಿ ಹಾಕಬೇಡ, ನನ್ನ ಮಾನ ಹೋಗುತ್ತದೆ. ಕೊಟ್ಟದ್ದನ್ನು ವಾಪಸ್ ಕೇಳಿದವನೆಂದು ಗೋಡೌನಿನ ಹಮಾಲರೂ ನಗುತ್ತಾರೆ. ಅವಳು ಹಲ್ಲು ಕಚ್ಚಿ ಕಾದಳು. ಗಂಡನ ಮಾನ, ಮಾಲೀಕರ ಮೂಡು ಎರಡಕ್ಕೂ ಹೊಂದುವ ಮುಹೂರ್ತ ಕೂಡಿ ಬರಲೇ ಇಲ್ಲ. ಬಂದದ್ದು ಮೇಸ್ತ್ರಿ.

"ಇದು ಸ್ವಲ್ಪ ಹತ್ತಿರ ಬಂತು ಕಣಮ್ಮ" ಎಂದಳು ಗಿರಾಕಿ. "ಆದ್ರೆ ಹೊಳಪು ಜಾಸ್ತಿ. ಆ ಮನೇಲಿ ಇದ್ದದ್ದು ಹೊಳೀತಾ ಇರ್ಲಿಲ್ಲ."

ಅವಳು ಹೊಳಪಿಲ್ಲದ್ದು ತೆಗೆಯಲು ಏಣಿ ಹತ್ತಿದಳು. ಏಣಿಯ ಮೇಲಿಂದ ಕ್ಯಾಬಿನ್ನು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಮೇಸ್ತ್ರಿ ಕೆಳಗಿನ ಅಂಚಿನ ಮೊಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಕುರ್ಚಿ ಅಲುಗಾಡುತ್ತಿತ್ತು. ಅವನು ಏನೋ ಹೇಳಿದ, ಮಾಲೀಕರು ಫೋನು ಎತ್ತಿದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಕಡೆಯಿಂದ ಗಂಡ ಬಂದ. ಕುರ್ಚಿ ಹಿಡಿದುಕೊಳ್ಳಲು ಕರೆಸಿದ್ದರು. ಅವಳ ಕೌಂಟರನ್ನು ದಾಟಿಯೇ ಹೋಗಬೇಕಿತ್ತು. ನೆಲದಲ್ಲಿ ಬಿದ್ದ ಏನನ್ನೋ ಹುಡುಕುವವನ ಹಾಗೆ ತಲೆ ತಗ್ಗಿಸಿಕೊಂಡು ದಾಟಿದ.

ಈಗಲಾದರೂ ಹೇಳುತ್ತಾನೆ. ಒಳಗೆ ಹೋಗಿದ್ದಾನೆ, ಕುರ್ಚಿ ಕಣ್ಣೆದುರಿಗಿದೆ, ಒಂದು ಮಾತು ಸಾಕು. ಅವಳು ಥಾನು ಎದೆಗವಚಿಕೊಂಡು ಏಣಿಯ ಮೇಲೇ ನಿಂತಳು. ಗಂಡ ಬಗ್ಗಿ ಕುರ್ಚಿಯ ಎರಡು ಕಾಲುಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ಗಟ್ಟಿಯಾಗಿ, ಅಲುಗದ ಹಾಗೆ. ಮೇಸ್ತ್ರಿಯ ಕೆಲಸ ಸರಾಗವಾಯಿತು.

ಕೆಳಗಿನಿಂದ ಗಡಿಯಾರ ಗಂಟಲು ಸರಿಪಡಿಸಿಕೊಂಡ. ಅವಳು ಇಳಿದಳು.

ಹೊದಿಕೆ ಒಂದು ಪಕ್ಕ ಸಡಿಲಾಗಿ ನೇತಾಡತೊಡಗಿತು. ಅವಳ ನಾಲಗೆ ಮಾತ್ರ ತಾನಾಗಿ ಬಟ್ಟೆಯ ಗುಣ ಹೇಳುತ್ತಿತ್ತು: ಬಣ್ಣ ಬಿಡುವುದಿಲ್ಲ, ಒಗೆದರೆ ಕುಗ್ಗುವುದಿಲ್ಲ. ಮೇಸ್ತ್ರಿ ಹೊದಿಕೆಯನ್ನು ಪೂರ್ತಿ ಎಳೆದು ನೆಲಕ್ಕೆ ಹಾಕಿದ. ಕೈಯನ್ನು ಮತ್ತೆ ಚೀಲದೊಳಗೆ ತೂರಿಸಿದ. ಹೊರಗೆ ಬಂದದ್ದು ಗರಗಸ.

"ಬಣ್ಣ ಗೊತ್ತೇ ಆಗ್ತಿಲ್ಲವಲ್ಲಮ್ಮ ಈ ಲೈಟಲ್ಲಿ" ಎಂದು ಗಿರಾಕಿ ಬಟ್ಟೆಯನ್ನು ಕಣ್ಣಿಗೆ ಹಿಡಿದಳು.

ಆ ಕ್ಷಣದಲ್ಲಿ ಅವಳಿಗೆ ಹೊಳೆಯಿತು. ಆ ಮಹಡಿಗೆ ಹಗಲು ಬೆಳಕೇ ಇಲ್ಲ, ಕಿಟಕಿಗಳನ್ನೆಲ್ಲ ಬಟ್ಟೆಯ ಕಪಾಟುಗಳು ನುಂಗಿದ್ದವು. ಟ್ಯೂಬ್‌ಲೈಟಿನಲ್ಲಿ ನೀಲಿ ಹಸಿರಾಗುತ್ತದೆ, ಹಸಿರು ಬೂದಿಯಾಗುತ್ತದೆ. ಅದಕ್ಕೇ ಗಿರಾಕಿಗಳನ್ನು ಬೆಳಕಿಗೆ ಕರೆದೊಯ್ಯುವ ರೂಢಿ. ಸಾಮಾನ್ಯವಾಗಿ ಕೆಳಗೆ ರಸ್ತೆಯ ಬಾಗಿಲಿಗೆ. ಇಡೀ ಮಹಡಿಯಲ್ಲಿ ಉಳಿದಿದ್ದ ಒಂದೇ ಕಿಟಕಿ ಮಾಲೀಕರ ಕ್ಯಾಬಿನ್ನಿನದು. ಗಿರಾಕಿಯನ್ನು ಬಿಟ್ಟು ಹೋಗುವಂತಿಲ್ಲ, ನಿಜ. ಕರೆದುಕೊಂಡು ಹೋಗಬಾರದೆಂದು ಯಾರೂ ಹೇಳಿರಲಿಲ್ಲ.

"ಬನ್ನಿ ಅಮ್ಮ, ಹಗಲು ಬೆಳಕಲ್ಲಿ ನೋಡೋಣ. ನಿಮ್ಮ ಮಂಡೀಲಿ ಮೆಟ್ಟಿಲು ಬೇಡ. ಇಲ್ಲೇ ಸಾರ್ ಕ್ಯಾಬಿನ್ನಲ್ಲಿ ಕಿಟಕಿ ಇದೆ."

ಬಟ್ಟೆಯನ್ನು ಒಂದು ಹೆಗಲಿಗೆ ಹಾಕಿಕೊಂಡು, ಗಿರಾಕಿಯ ತೋಳನ್ನು ಹಿಡಿದು ನಡೆದಳು. ಗಿರಾಕಿಯ ನಡಿಗೆ ಆಮೆಯದು. ಒಂದೊಂದು ಹೆಜ್ಜೆಗೂ ಊರುಗೋಲು ಊರಿ, ನಿಂತು, ಅಕ್ಕಪಕ್ಕದ ಬಟ್ಟೆ ನೋಡಿ ಮುಂದುವರಿಯುತ್ತಿದ್ದಳು. ಗಾಜಿನಾಚೆ ಮೇಸ್ತ್ರಿ ಪೆನ್ಸಿಲಿನಿಂದ ಕಾಲಿಗೆ ಗುರುತು ಮಾಡುತ್ತಿದ್ದ. ಹಿಂದೆ ಗಡಿಯಾರ ಎಲ್ಲಿಗೆ, ಎಲ್ಲಿಗೆ ಎಂದು ಪಿಸುಗುಟ್ಟುತ್ತ ಬಂದ. ಬೆಳಕಿಗೆ ಎಂದಳು, ತಿರುಗಿ ನೋಡದೆ. ಗಿರಾಕಿಯ ಎದುರಿಗೆ ಯಾರೂ ದನಿ ಎತ್ತಬಾರದೆಂಬುದೂ ಆ ಅಂಗಡಿಯದೇ ಕಟ್ಟಳೆ. ಗಡಿಯಾರ ಬಾಯಿ ಮುಚ್ಚಿಕೊಂಡು ಬಾಗಿಲು ತೆರೆದು ಹಿಡಿಯಬೇಕಾಯಿತು.

ಗಿರಾಕಿಯನ್ನು ಕಂಡು ಮಾಲೀಕರು ಎದ್ದು ಕೈ ಮುಗಿದರು. ಮೇಸ್ತ್ರಿ ಗರಗಸ ಹಿಡಿದು ಪಕ್ಕಕ್ಕೆ ಸರಿದ. ಗಂಡ ಮಾತ್ರ ಕುರ್ಚಿಯ ಕಾಲು ಹಿಡಿದೇ ಇದ್ದ. ಅವನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

ಬಣ್ಣ ತೋರಿಸೋದಕ್ಕೆ ಸಾರ್ ಎಂದು ಅವಳು ಬಟ್ಟೆಯನ್ನು ಕಿಟಕಿಗೆ ಅಡ್ಡ ಹಿಡಿದಳು. ಗಿರಾಕಿ ಅದನ್ನು ನೋಡಲಿಲ್ಲ. ಆಕೆಯ ಕಣ್ಣು ನೆಲದ ಮೇಲಿತ್ತು. ಊರುಗೋಲಿನ ತುದಿಯಿಂದ ಉಣ್ಣೆಯ ಹೊದಿಕೆಯನ್ನು ತೋರಿಸಿ, "ಇದು. ಇದನ್ನೇ ನಾನು ಬೆಳಗ್ಗಿಂದ ಬಡ್ಕೋತಿರೋದು" ಎಂದಳು.

ಮಾಲೀಕರು ನಕ್ಕರು. "ಅದು ಹಳೇದು ತಾಯಿ, ಬಿಸಾಡೋ ಬಟ್ಟೆ. ಮಾದರಿಗೆ ಬೇಕಾದ್ರೆ ಒಂದು ತುಂಡು ಕೊಡ್ತೀವಿ, ಇದೇ ಬಣ್ಣ ಮಿಲ್ಲಿಂದ ತರಿಸೋಣ. ಮೇಸ್ತ್ರಿ, ಒಂದು ಕಡೆ ಕತ್ತರಿಸಿ ಕೊಡು."

ಮೇಸ್ತ್ರಿ ಗರಗಸ ಇಟ್ಟು ಕತ್ತರಿ ಎತ್ತಿಕೊಂಡ.

"ಕತ್ತರಿ ಹಾಕ್ಬೇಡಿ" ಎಂದಳು ಅವಳು.

ದನಿ ಎತ್ತಿರಲಿಲ್ಲ. ಅಂಗಡಿಯ ನಗು ಇನ್ನೂ ಮುಖದ ಮೇಲೇ ಇತ್ತು, ತೆಗೆಯಲು ಮರೆತಿದ್ದಳು. ಮಾಲೀಕರು ಯಾಕಮ್ಮ ಎಂದರು.

"ಅದು ನನ್ನದು ಸಾರ್. ಕುರ್ಚೀನೂ ನನ್ನದೇ. ನಮ್ಮನೆಯವರು ಅವತ್ತು ಬಾಯಿಮಾತಿಗೆ ಹೇಳಿದ್ರು. ಅದನ್ನ ಕೊಡೋ ಹಕ್ಕು ಅವರಿಗಿಲ್ಲ. ನನ್ನ ಯಾರೂ ಕೇಳ್ಲೇ ಇಲ್ಲ."

ಬಾಗಿಲಲ್ಲಿ ನಿಂತ ಗಡಿಯಾರನ ಕಣ್ಣುಗುಡ್ಡೆ ಹೊರಗೆ ಬಂದಿತ್ತು. ಮಾಲೀಕರು ಅವಳ ಕಡೆ ನೋಡದೆ ಗಿರಾಕಿಯ ಕಡೆ ತಿರುಗಿ, ಕಾಲ ಹೇಗೆ ಬಂತು ನೋಡಿ ತಾಯಿ, ಗಂಡ ಕೈಯಾರೆ ಕೊಟ್ಟದ್ದನ್ನು ಹೆಂಡತಿ ವಾಪಸ್ ಕೇಳುತ್ತಾಳೆ ಎಂದು ನಗಿಸಲು ನೋಡಿದರು. ಗಿರಾಕಿ ನಗಲಿಲ್ಲ. "ನಮ್ಮನೇಲೂ ಹಾಗೇ. ನನ್ನ ಹೊಲಿಗೆ ಮಷೀನು ಎತ್ತಿ ಅವರ ತಂಗಿಗೆ ಕೊಟ್ಬಿಟ್ಟಿದ್ರು" ಎಂದಳು. "ಅದಿರ್ಲಿ, ಈ ಬಣ್ಣ ಸಿಗುತ್ತೋ ಇಲ್ವೋ ಹೇಳಿ."

ಮಾಲೀಕರ ನಗು ಅರ್ಧಕ್ಕೆ ನಿಂತಿತು. ಗಂಡನ ಕಡೆ ತಿರುಗಿದರು. "ಏನಯ್ಯ, ನೀನೇ ಹೇಳು. ಕೊಟ್ಟಿದ್ದಾ, ಇಲ್ವಾ?"

ಅವಳು ಗಂಡನ ಕೈಗಳನ್ನು ನೋಡಿದಳು. ಬೆರಳ ಗಂಟುಗಳು ಬಿಳಿಚಿಕೊಂಡಿದ್ದವು. ಕೊಟ್ಟಿದ್ದು ಸಾರ್ ಎಂದರೆ ಮುಗಿಯಿತು. ಕುರ್ಚಿ ಹೋಗುತ್ತದೆ, ಮಾಲೀಕರ ಎದುರು ಅವಳು ಸುಳ್ಳುಗಾತಿಯಾಗುತ್ತಾಳೆ, ಸಂಜೆ ಇಬ್ಬರೂ ಒಂದೇ ಮನೆಗೆ ಹೋಗಬೇಕು. ಆ ಮನೆಯಲ್ಲಿ ಇವನಿಗೆ ಹೇಗೆ ಊಟ ಬಡಿಸುವುದು ಎಂದು ಯೋಚಿಸಿದಳು. ಬಡಿಸುತ್ತೇನೆ, ಬಡಿಸದೆ ಎಲ್ಲಿಗೆ ಹೋಗಲಿ ಎನ್ನಿಸಿತು. ಹಾಗನ್ನಿಸಿದ್ದಕ್ಕೇ ಕಣ್ಣು ಉರಿಯಿತು.

"ಮನೇದು ಸಾರ್" ಎಂದ ಗಂಡ.

"ಮನೇದು ಅಂದ್ರೆ?"

ಅವನು ತಲೆ ಎತ್ತಿದ. ಮಾಲೀಕರನ್ನು ನೋಡಿದ, ಗಿರಾಕಿಯನ್ನು ನೋಡಿದ. ನೋಡಲು ಬೇರೆ ಯಾರೂ ಉಳಿಯದೆ ಕೊನೆಗೆ ಅವಳನ್ನು ನೋಡಿದ.

"ಅಂದ್ರೆ, ಅವಳದು. ಅವಳೇ ಪರದೆ ಹೊಲಿದುಕೊಟ್ಟು ತಂದಿದ್ದು. ನಾನು ಸುಮ್ನೆ ಮರ್ಯಾದೆಗೆ ಅಂದೆ ಸಾರ್. ನೀವು ನಿಜವಾಗ್ಲೂ ತಗೊಂಡು ಹೋಗ್ತೀರಿ ಅಂತ ಗೊತ್ತಿರ್ಲಿಲ್ಲ."

ಹೇಳಿದ ಮೇಲೆ ಆ ಮಾತಿನ ಕೊನೆಯ ಅರ್ಧ ಎಲ್ಲಿಗೆ ಹೋಗಿ ತಾಗಿತೆಂದು ಅವನಿಗೆ ಗೊತ್ತಾಯಿತು. ಮಾಲೀಕರ ಕಿವಿಗಳು ಕೆಂಪಾದವು. ಕರೆಯದ ಮನೆಗೆ ಊಟಕ್ಕೆ ಹೋದವರೆಂದು ಎಲ್ಲರೆದುರು ಅಂದಂತಾಗಿತ್ತು. ಗಿರಾಕಿ ಇಲ್ಲದಿದ್ದರೆ ಆ ಕ್ಯಾಬಿನ್ನಿನ ಗಾಜು ಒಡೆಯುವಂಥ ಕೂಗು ಬರುತ್ತಿತ್ತು. ಬಂದದ್ದು ಬಲು ತಣ್ಣಗಿನ ಮಾತು.

"ತಗೊಂಡ್ಹೋಗು. ನಿಮ್ಮನೆ ಗುಜರಿ ನಂಗ್ಯಾಕೆ?" ಎಂದವರು ಬಾಗಿಲ ಕಡೆ ನೋಡಿ, ನಾಳೆಯಿಂದ ಈಕೆಯನ್ನು ಕೆಳಗೆ ಪ್ಯಾಕಿಂಗಿಗೆ ಹಾಕು ಎಂದು ಗಡಿಯಾರನಿಗೆ ಹೇಳಿದರು. ಹೇಳಿ, ಗಿರಾಕಿಗೆ ಕುಡಿಯಲು ಏನು ತರಿಸಲಿ ಎಂದು ಕೇಳಿದರು.

ಪ್ಯಾಕಿಂಗೆಂದರೆ ನೆಲಮಾಳಿಗೆ. ಗೋಣಿ, ಸುತ್ತುವ ಹಗ್ಗ, ದಬ್ಬಳ. ಸಂಜೆಯ ಹೊತ್ತಿಗೆ ಮೂಗಿನಲ್ಲಿ ಕಪ್ಪು ಧೂಳು. ಅಲ್ಲಿಗೆ ಹೋದ ಹೆಂಗಸರು ಮತ್ತೆ ಮೇಲೆ ಬಂದದ್ದನ್ನು ಅವಳು ಕಂಡಿರಲಿಲ್ಲ. ಆಗಲಿ ಸಾರ್ ಎಂದಳು. ಬಗ್ಗಿ ಉಣ್ಣೆಯ ಹೊದಿಕೆಯನ್ನು ಎತ್ತಿ, ಕೊಡವಿ, ಅಂಗಡಿಯ ಥಾನು ಮಡಿಸುವ ಹಾಗೇ ಅಂಚಿಗೆ ಅಂಚು ಸೇರಿಸಿ ಮಡಿಸಿದಳು. ನೆಲದಲ್ಲಿ ಚೆಲ್ಲಿದ್ದ ಮೊಳೆಗಳನ್ನೂ ಆಯತೊಡಗಿದಳು. ತುಕ್ಕು ಹಿಡಿದವು ಬಿಡಮ್ಮ ಎಂದ ಮೇಸ್ತ್ರಿ. ಇರಲಿ ಕೊಡಣ್ಣ ಎಂದಳು. ಕುರ್ಚಿಯ ರಬ್ಬರ್ ಪಟ್ಟಿಗಳಲ್ಲಿ ಒಂದು ಆಗಲೇ ಕತ್ತರಿಸಿ ಹೋಗಿತ್ತು. ಒಂದು ಕಾಲಿನ ಮೇಲೆ ಪೆನ್ಸಿಲಿನ ಗೆರೆ, ಅದರ ಮೇಲೆ ಗರಗಸದ ಹಲ್ಲು ಊರಿದ ಸಣ್ಣ ಗಾಯ. ಅದನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ಆಳವಿರಲಿಲ್ಲ.

ಗಿರಾಕಿ ಜ್ಯೂಸು ಕುಡಿದು ಮುಗಿಸುವಷ್ಟು ಹೊತ್ತು ಅವಳಿಗೆ ಸಿಕ್ಕಿತು. ಗಂಡ ಕುರ್ಚಿಯನ್ನು ಎತ್ತಿಕೊಂಡ, ಅವಳು ಹೊದಿಕೆ ಹಿಡಿದು ಮೆಟ್ಟಿಲ ತಿರುವಿನವರೆಗೆ ಬಂದಳು. ಅಲ್ಲಿ ಅವನು ಕುರ್ಚಿ ಇಳಿಸಿ, ಗೋಡೆಗೆ ಒರಗಿ, ಇಬ್ಬರ ಅನ್ನಕ್ಕೂ ಕಲ್ಲು ಹಾಕಿಕೊಂಡೆವು ಎಂದ. ಒಂದು ಕುರ್ಚಿಗೋಸ್ಕರ ಎಂದ. ನಾಳೆ ತನ್ನನ್ನೂ ತೆಗೆದರೆ ಏನು ಗತಿ ಎಂದ. ಅವಳು ಎಲ್ಲಕ್ಕೂ ಹೂಂ ಎಂದಳು. ಅವಳಿಗೂ ಅದೇ ಹೆದರಿಕೆ ಇತ್ತು, ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಸರಿ, ಇದನ್ನ ಗೋಡೌನಲ್ಲಿ ಇಟ್ಟಿರ್ತೀನಿ. ಸಂಜೆ ಹೋಗೋವಾಗ ನೀನು ತಗೊಂಡ್ಹೋಗು."

"ಗೋಡೌನಲ್ಲಿ ಬೇಡ. ಈಗಲೇ ಮನೆಗೆ ತಗೊಂಡ್ಹೋಗಿ."

"ಈಗಲಾ? ಡ್ಯೂಟಿ?"

"ಅರ್ಧ ದಿನ ರಜೆ ಹಾಕಿ."

ಗಂಡ ಅವಳನ್ನು ಅರ್ಥವಾಗದವನಂತೆ ನೋಡಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಆ ಮನೆಯಲ್ಲಿ ರಜೆ ಎಂಬುದು ಅವಳ ಖಾತೆಯದು. ನಲ್ಲಿ ಒಡೆದರೆ ಅವಳು ರಜೆ ಹಾಕುತ್ತಿದ್ದಳು. ಅವನ ಅಮ್ಮನ ಕಣ್ಣಿನ ಆಪರೇಷನ್ನಿಗೆ ಅವಳು. ಅವನ ಸೊಂಟ ಹಿಡಿದಾಗ ಮೊದಲ ದಿನ ಅವನ ಪಕ್ಕ ಕೂತು ಶಾಖ ಕೊಡಲು ಅವಳು. ಗೋಡೌನು ಅವನಿಲ್ಲದೆ ನಡೆಯುವುದಿಲ್ಲವೆಂದು ಇಬ್ಬರೂ ನಂಬಿದ್ದರು. ಮನೆಗೋಸ್ಕರ ಅವನು ಒಂದು ಮಧ್ಯಾಹ್ನವನ್ನೂ ಮುರಿದಿರಲಿಲ್ಲ.

"ಏನಂತ ಕೇಳ್ಲಿ?"

"ಹೆಂಡತಿ ಕುರ್ಚಿ ಮನೆಗೆ ಮುಟ್ಟಿಸ್ಬೇಕು ಅಂತ."

ಮೇಲಿನಿಂದ ಗಡಿಯಾರ ಇಣುಕಿ, ಗಿರಾಕಿ ಕೌಂಟರಿಗೆ ಬಂದರೆಂದು ಕೈ ಆಡಿಸಿದ. ಅವಳು ಹೊದಿಕೆಯನ್ನು ಗಂಡನ ಹೆಗಲ ಮೇಲಿಟ್ಟಳು. ಮೊಳೆಗಳ ಪೊಟ್ಟಣವನ್ನು ಅವನ ಜೇಬಿಗೆ ತುರುಕಿದಳು. ಸೊಂಟ ನೋಡಿಕೊಳ್ಳಿ, ಬಗ್ಗಿ ಎತ್ತಬೇಡಿ, ತಲೆ ಮೇಲೆ ಇಟ್ಟುಕೊಂಡರೆ ಹಗುರ ಎಂದು ಹೇಳಿ ಮೆಟ್ಟಿಲು ಹತ್ತಿದಳು. ಮೇಲಿನ ತುದಿಯಲ್ಲಿ ಸಣ್ಣದೊಂದು ಗಾಳಿಗಂಡಿ ಇತ್ತು. ಅದರಿಂದ ಬಗ್ಗಿ ನೋಡಿದಳು. ಬಹಳ ಹೊತ್ತು ಬಾಗಿಲಿನಿಂದ ಯಾರೂ ಬರಲಿಲ್ಲ. ಗೋಡೌನಿನ ಕಡೆಗೇ ಹೋದನೇನೋ ಎಂದು ಅವಳು ಇನ್ನಷ್ಟು ಬಗ್ಗಿದಳು. ಆಮೇಲೆ ನಡುಹಗಲಿನ ರಸ್ತೆಗೆ ಮೊದಲು ಹಿತ್ತಾಳೆ ಟೋಪಿಯ ನಾಲ್ಕು ಕಾಲುಗಳು ಬಂದವು. ಅವುಗಳ ಕೆಳಗೆ ಗಂಡ, ಮುಖದ ಮುಂದೆ ತುಂಡಾದ ರಬ್ಬರ್ ಪಟ್ಟಿ ಜೋತಾಡುತ್ತಿತ್ತು. ಹಮಾಲರು ಏನೋ ಕೂಗಿ ನಕ್ಕರು. ಅವನು ತಿರುಗಲಿಲ್ಲ. ತಿರುಗಲು ಆಗುವಂತಿರಲಿಲ್ಲವೋ ಏನೋ. ಬಸ್ಸು, ಸೈಕಲ್ಲು, ಜನರ ನಡುವೆ ದಾರಿ ಬಿಡಿಸಿಕೊಳ್ಳುತ್ತ ಹೋದ.

ಕೌಂಟರಿನಲ್ಲಿ ಗಿರಾಕಿ ಸ್ಟೂಲಿನ ಮೇಲೆ ಮತ್ತೆ ಭದ್ರವಾಗಿ ಕೂತಿದ್ದಳು. ಕಿಟಕಿಯ ಬೆಳಕಿಗೆ ಹಿಡಿದ ಬಟ್ಟೆಯೇ ಇದ್ದುದರಲ್ಲಿ ವಾಸಿ ಎಂದು ತೀರ್ಮಾನಿಸಿಯಾಗಿತ್ತು. ಅವಳು ಅಳತೆಯ ಕೋಲು ಎತ್ತಿಕೊಂಡಳು. ಬಟ್ಟೆಯನ್ನು ಹಲಗೆಯ ಮೇಲೆ ಹರಡಿ ಅಂಚು ಸರಿಮಾಡಿದಳು.

"ನಿನ್ನ ಕೆಲಸಕ್ಕೆ ತೊಂದ್ರೆ ಆಯ್ತೇನಮ್ಮ?" ಎಂದು ಗಿರಾಕಿ ದನಿ ತಗ್ಗಿಸಿ ಕೇಳಿದಳು.

"ಆಯ್ತು."

"ಮತ್ತೆ?"

"ಎಷ್ಟು ಮೀಟರ್ ಬೇಕು ಹೇಳಿ" ಎಂದು ಅವಳು ಕತ್ತರಿ ತೆಗೆದುಕೊಂಡಳು.